ಬೇವಿನ ಗಿಡದಿಂದ ಸರ್ಕಲ್ಲಿನವರೆಗೆ

ಸಂತೆಕಲ್ಲೂರಿನಿಂದ ಮಸ್ಕಿಗೆ ಬರುವ ರಸ್ತೆಯಲ್ಲಿ, ಊರು ಇನ್ನೇನು ಬಂತು ಅನ್ನುವಾಗ, ಎಡಗಡೆ ಒಂದು ದೊಡ್ಡ ಬೇವಿನ ಗಿಡವಿದೆ. ಅಲ್ಲಿ ಬಸ್ಸು ನಿಲ್ಲುವುದಿಲ್ಲ, ಆಟೋ ನಿಲ್ಲುವುದಿಲ್ಲ. ಆದರೆ ದಿನಾ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಅಲ್ಲಿ ಗಂಡಂದಿರು ಇಳಿಯುತ್ತಿದ್ದರು. ಸ್ಕೂಟರ್ ನಿಲ್ಲಿಸಿ, ಹ್ಯಾಂಡಲ್ಲನ್ನು ಹೆಂಡತಿಯ ಕೈಗೆ ಕೊಟ್ಟು, ತಾವು ಹಿಂದೆ ಕೂರುತ್ತಿದ್ದರು. ಮುಂದೆ ಒಂದು ಕೂಗಳತೆಯಲ್ಲಿ ಸರ್ಕಲ್ಲು, ಸರ್ಕಲ್ಲಿನಲ್ಲಿ ಪೊಲೀಸರು. ಹೆಂಗಸರು ಓಡಿಸುವ ಗಾಡಿಯನ್ನು ಪೊಲೀಸರು ಹಿಡಿಯುವುದಿಲ್ಲ ಎಂಬುದು ಸುತ್ತಲಿನ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಹೀಗೆ ಲೈಸನ್ಸು ಇಲ್ಲದ, ಹೆಲ್ಮೆಟ್ಟು ಇಲ್ಲದ ಗಂಡಸರೆಲ್ಲ ಹೆಂಡತಿಯ ಸೆರಗಿನ ಮರೆಯಲ್ಲಿ ಸರ್ಕಲ್ಲು ದಾಟಿ, ಆಚೆ ಪೆಟ್ರೋಲ್ ಬಂಕಿನ ಹತ್ತಿರ ಮತ್ತೆ ಇಳಿದು, ಹ್ಯಾಂಡಲ್ಲು ಕಸಿದುಕೊಂಡು, ಮೀಸೆ ತೀಡಿಕೊಂಡು ಮುಂದೆ ಹೋಗುತ್ತಿದ್ದರು. ವಾಪಸು ಬರುವಾಗಲೂ ಅದೇ ಆಟ, ಉಲ್ಟಾ.

ಶೇಖರಮ್ಮನ ಗಂಡ ಪಂಪಾಪತಿ ಈ ಪದ್ಧತಿಯ ಹಳೆಯ ಗಿರಾಕಿ. ಮಸ್ಕಿ ಬಜಾರಿನಲ್ಲಿ ಅವನದೊಂದು ಸ್ಟೀಲ್ ಪಾತ್ರೆ ಅಂಗಡಿ. ಅವನು ಗಲ್ಲಾದ ಮುಂದೆ ಕೂತು ಮಾತಾಡುವವನು. ಒಳಗೆ ಮೂಲೆಯಲ್ಲಿ ಮಣೆ ಹಾಕಿಕೊಂಡು, ಕರೆಂಟಿನ ಸೂಜಿ ಹಿಡಿದು ಪಾತ್ರೆಗಳ ಮೇಲೆ ಹೆಸರು ಹಾಕುವವಳು ಶೇಖರಮ್ಮ. ಮದುವೆಯ ಮುಯ್ಯಿಗೆ ಕೊಡುವುದು ಕೊಡವಾಗಲಿ, ತಂಬಿಗೆಯಾಗಲಿ, ಮೇಲೆ ಹೆಸರಿಲ್ಲದಿದ್ದರೆ ಕೊಟ್ಟಂತೆಯೇ ಅಲ್ಲ ಎಂದು ನಂಬಿದ ಜನ ಇಲ್ಲಿಯವರು. ಶೇಖರಮ್ಮನ ಅಕ್ಷರ ಚೆಂದ ಎಂದು ಮುದಗಲ್ಲಿನಿಂದಲೂ ಗಿರಾಕಿಗಳು ಬರುತ್ತಿದ್ದರು. ಅಂಗಡಿ ನಡೆಯುವುದು ತನ್ನ ಮಾತಿನಿಂದಲ್ಲ, ಅವಳ ಕೈಯಿಂದ ಎಂಬುದು ಪಂಪಾಪತಿಗೂ ಗೊತ್ತಿತ್ತು. ಆದರೆ ಬಾಯಿಬಿಟ್ಟು ಹೇಳಿದರೆ ತನ್ನ ಗಂಟೇನೋ ಹೋಗುತ್ತದೆ ಎಂಬಂತೆ ಸುಮ್ಮನಿರುತ್ತಿದ್ದ.

"ಹಗೂರಕ ನಡಿ," ಎಂದು ಬೇವಿನ ಗಿಡದ ಕೆಳಗೆ ಹ್ಯಾಂಡಲ್ಲು ಕೊಡುವಾಗ ಅವನು ದಿನಾ ಹೇಳುತ್ತಿದ್ದ. "ಪೊಲೀಸ್ರ ಮಕ ನೋಡಬ್ಯಾಡ. ಸರ್ಕಲ್ ತಿರುಗುವಾಗ ಕಾಲು ಕೆಳಗ ಇಡಬ್ಯಾಡ. ಇಟ್ಟಿ ಅಂದ್ರ ನಿನಗ ಬರೂದಿಲ್ಲ ಅಂತ ಗೊತ್ತಾಗ್ತೈತಿ."

ಅವಳು ಕಾಲು ಇಡುತ್ತಿರಲಿಲ್ಲ. ಸರ್ಕಲ್ಲಿನ ನಡುವೆ ದನ ಮಲಗಿದ್ದರೂ, ಆಟೋ ಅಡ್ಡ ಬಂದರೂ, ಬಸ್ಸು ಎದುರಿಗೆ ಬಂದು ನಿಂತರೂ, ಗಾಡಿಯನ್ನು ಹೆಜ್ಜೆ ಹೆಜ್ಜೆಗೆ ನಡೆಸಿಕೊಂಡು, ಅತ್ತ ಇತ್ತ ವಾಲದೆ ದಾಟಿಸುತ್ತಿದ್ದಳು. ಅವಳಿಗೆ ಯಾರೂ ಕಲಿಸಿರಲಿಲ್ಲ, ಪೊಲೀಸರ ಭಯವೇ ಕಲಿಸಿತ್ತು. ಬರಬರುತ್ತ ಆ ಭಯದೊಳಗೇ ಒಂದು ಖುಷಿ ಹುಟ್ಟಿತು. ಗಂಡ ಹಿಂದೆ, ತಾನು ಮುಂದೆ, ಮುಖಕ್ಕೆ ಗಾಳಿ. ಇನ್ನಷ್ಟು ದೂರ ಹೋಗಬಾರದೇ ಎನ್ನುವಷ್ಟರಲ್ಲಿ ಪೆಟ್ರೋಲ್ ಬಂಕು ಬಂದುಬಿಡುತ್ತಿತ್ತು. ಅವಳ ಕೈಗುಣ ಎಷ್ಟು ಹೆಸರಾಗಿತ್ತೆಂದರೆ, ಹೆಂಡತಿ ಜತೆಗಿಲ್ಲದ ಗಂಡಸರು ಗಿಡದ ಕೆಳಗೆ ಕಾದು ನಿಂತು, "ಅಕ್ಕಾರ, ನನ್ನದೊಂದು ದಾಟಿಸಿ ಕೊಡ್ರಿ," ಎಂದು ಕೇಳುತ್ತಿದ್ದರು. ಗುರುತಿನ ಗಿರಾಕಿಗಳಾದರೆ ಪಂಪಾಪತಿ ಬೇಡವೆನ್ನುತ್ತಿರಲಿಲ್ಲ. ಅವಳು ಅವರ ಮೊಪೆಡ್ಡನ್ನೂ ದಾಟಿಸಿ, ನಡೆದುಕೊಂಡು ವಾಪಸು ಬಂದು, ತಮ್ಮ ಗಾಡಿ ಹತ್ತುತ್ತಿದ್ದಳು.

"ಸಂತೆಕಲ್ಲೂರಿಂದಾನ ನಾನು ಹೊಡೀಲೇನ್ರಿ?" ಎಂದು ಒಮ್ಮೆ ಕೇಳಿ ನೋಡಿದ್ದಳು.

"ಅಷ್ಟು ದೂರ ನಿನ್ನ ಹಿಂದ ಕುಂತು ಬಂದ್ರ ಮಂದಿ ಏನಂತಾರ?" ಎಂದು ಪಂಪಾಪತಿ ಅಲ್ಲಿಗೇ ಮಾತು ಮುಗಿಸಿದ್ದ. ಪೊಲೀಸರ ಕಣ್ಣ ಮುಂದೆ ಹಿಂದೆ ಕೂರುವುದಕ್ಕೆ ಇಲ್ಲದ ನಾಚಿಕೆ ಹೊಲದ ಜೋಳದ ಮುಂದೆ ಯಾಕೆ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಈ ಬೇಸಿಗೆಯಲ್ಲಿ ಮಗಳು ಅಮೂಲ್ಯಾ ಚೊಚ್ಚಲ ಹೆರಿಗೆಗೆ ಲಿಂಗಸುಗೂರಿನ ಗಂಡನ ಮನೆಯಿಂದ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆದು, ಲೋಬಾನದ ಹೊಗೆ ಹಾಕಿ ಮಲಗಿಸುವುದು ಅಜ್ಜಿಯ ಕೆಲಸ. ಬೆಳಗ್ಗೆ ಅಂಗಡಿಯಲ್ಲಿ ಮದುವೆ ಹಂಗಾಮಿನ ಕೆಲಸ, ಮಧ್ಯಾಹ್ನ ಬಿಸಿಲೇರಿದ ಮೇಲೆ ಕೂಸಿನ ಸ್ನಾನ. ಪಂಪಾಪತಿ ಅಂಗಡಿಯ ಬಾಗಿಲು ಎಳೆದು ಅವಳನ್ನು ಊರಿಗೆ ಕರೆದೊಯ್ಯುವುದು, ಉಂಡು ಇಬ್ಬರೂ ವಾಪಸು ಬರುವುದು, ಹೀಗೆ ಹೇಗೋ ನಡೆದುಹೋಗುತ್ತಿತ್ತು. ಹಿಂದೆ ಕೂತರೇನು, ಮುಂದೆ ಕೂತರೇನು, ಹೊತ್ತಿಗೆ ಸರಿಯಾಗಿ ಮನೆ ಮುಟ್ಟುತ್ತೇನಲ್ಲ ಎಂದು ಶೇಖರಮ್ಮನೂ ಸಮಾಧಾನವಾಗಿದ್ದಳು.

ಅಷ್ಟರಲ್ಲಿ ರಾಜಶ್ರೀ ಮೇಡಮ್ಮು ಬಂದರು.

ಹೊಸ ಪಿಎಸ್‌ಐ. ವಯಸ್ಸು ಅಮೂಲ್ಯಾಳಿಗಿಂತ ಸ್ವಲ್ಪ ಹೆಚ್ಚಿರಬೇಕು, ಅಷ್ಟೆ. ಬಂದ ವಾರದಲ್ಲೇ ಒಂದು ಬೆಳಗ್ಗೆ ಸರ್ಕಲ್ಲಿನಲ್ಲಿ ನಿಂತು, ಹಗೂರಕ್ಕೆ ಬರುತ್ತಿದ್ದ ಶೇಖರಮ್ಮನ ಗಾಡಿಗೆ ಕೈ ಅಡ್ಡ ಹಿಡಿದರು. ತನಗಲ್ಲ, ಹಿಂದಿನವರಿಗೆ ಎಂದುಕೊಂಡು ಶೇಖರಮ್ಮ ಪಕ್ಕಕ್ಕೆ ಸರಿದು ಹೋಗಲು ನೋಡಿದಳು. ಮೇಡಮ್ಮು ಹ್ಯಾಂಡಲ್ಲನ್ನೇ ಹಿಡಿದರು.

"ಲೈಸನ್ಸ್ ತೋರಿಸ್ರಿ ಅಮ್ಮಾರ."

ಶೇಖರಮ್ಮ ತಿರುಗಿ ಗಂಡನನ್ನು ನೋಡಿದಳು. ಅಲ್ಲೇ ನಿಂತಿದ್ದ ಪೇದೆ ಶರಣಬಸವ ಹಳಬ. ಗಿಡದ ಕೆಳಗಿನ ಆಟವನ್ನು ವರ್ಷಗಟ್ಟಲೆ ನೋಡಿ ನೋಡದಂತೆ ಇದ್ದವನು. ಅವನು ಮೇಡಮ್ಮಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮೇಡಮ್, ಅವರು ಹೆಣ್ಮಕ್ಕಳ್ರಿ," ಎಂದ.

"ನಾನೇನು ಗಂಡಸೇನ್ರಿ?" ಎಂದರು ಮೇಡಮ್ಮು, ಅವನ ಕಡೆ ನೋಡದೆ.

ಆಗಲಾದರೂ ಪಂಪಾಪತಿ ತೆಪ್ಪಗಿದ್ದಿದ್ದರೆ ಒಂದೇ ದಂಡದಲ್ಲಿ ಮುಗಿಯುತ್ತಿತ್ತು. ಆದರೆ ಸರ್ಕಲ್ಲಿನಲ್ಲಿ ಜನ ನಿಂತು ನೋಡುತ್ತಿದ್ದರು, ಅದರಲ್ಲಿ ಬಜಾರಿನವರೂ ಇದ್ದರು. ಹೆಂಡತಿ ಓಡಿಸುವ ಗಾಡಿಯಲ್ಲಿ ಬರುವವನು ಎಂದು ಸರ್ಕಾರದ ಕಾಗದದಲ್ಲಿ ಬರೆದುಬಿಟ್ಟರೆ ಗತಿಯೇನು ಎಂದು ಅವನಿಗೆ ದಿಗಿಲಾಯಿತು. ಗಾಡಿಯಿಂದ ಇಳಿದು ಮುಂದೆ ಬಂದು ನಿಂತ.

"ಮೇಡಮ್ಮರ, ಇಕಿ ಗಾಡಿ ಓಡಸೋಕಿ ಅಲ್ರಿ."

"ಮತ್ತ ಹ್ಯಾಂಡಲ್ ಯಾರ ಕೈಯಾಗ ಐತಿ?"

"ಅದು ಇಲ್ಲಿ ಅಷ್ಟ ರೀ. ಆ ಬೇವಿನ ಗಿಡದಿಂದ ಇಲ್ಲೀತನ. ಸಂತೆಕಲ್ಲೂರಿಂದ ಗಿಡದ ತನಕ ನಾನ ಓಡಿಸಿಕೊಂಡು ಬಂದೀನಿ. ಹಿಂದ ಕುಂತು ಬರೋ ಮನಶ್ಯಾ ಅಲ್ರಿ ನಾನು."

ಶರಣಬಸವ ಟೊಪ್ಪಿಗೆ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಆಚೆ ತಿರುಗಿಸಿದ. ಮೇಡಮ್ಮು ಮಾತ್ರ ನಗಲಿಲ್ಲ. "ಹೌದ್ರೀ? ಹಂಗಾದ್ರ ನಿಮ್ಮ ಲೈಸನ್ಸೂ ತೋರಿಸ್ರಿ," ಎಂದರು.

ಅವನ ಬಳಿ ಇದ್ದರಲ್ಲವೇ? ಮೊದಲ ಸ್ಕೂಟರ್ ಕೊಂಡಾಗಿನಿಂದ ಇವತ್ತು ಮಾಡಿಸಿದರಾಯಿತು, ನಾಳೆ ಮಾಡಿಸಿದರಾಯಿತು ಎಂದು ಮಗಳ ಮದುವೆಯನ್ನೂ ಮಾಡಿ ಮುಗಿಸಿದ್ದ. ಗಂಡನಿಗೊಂದು, ಹೆಂಡತಿಗೊಂದು ದಂಡ ಬಿತ್ತು. ಆಗ ಅವನಿಗೆ ಸಿಟ್ಟು ನೆತ್ತಿಗೇರಿತು.

"ಬಡಪಾಯಿ ಸ್ಕೂಟರ್ ಅಷ್ಟ ಕಾಣಸ್ತಾವೇನ್ರಿ ನಿಮಗ? ಅಲ್ಲಿ ನೋಡ್ರಿ, ಟ್ರ್ಯಾಕ್ಟರ್. ಎರಡು ಟ್ರೇಲರ್ ಕಟ್ಟ್ಯಾನ, ನಂಬರ್ ಇಲ್ಲ, ಹಿಂದ ಲೈಟ್ ಇಲ್ಲ, ಹಾಡು ಮಾತ್ರ ಊರೆಲ್ಲ ಕೇಳಸಾಕತ್ತೈತಿ. ಅಂಥಾದ್ದನ್ನ ಯಾರ ಹಿಡೀತಾರ?"

ಭತ್ತದ ಚೀಲ ಹೇರಿಕೊಂಡ ಟ್ರ್ಯಾಕ್ಟರೊಂದು ನಿಜವಾಗಿಯೂ ಸಿಂಧನೂರು ಕಡೆಯಿಂದ ಗದ್ದಲ ಮಾಡುತ್ತ ಬರುತ್ತಿತ್ತು. ಮೇಡಮ್ಮು ಒಂದು ಗಳಿಗೆ ಪಂಪಾಪತಿಯ ಮುಖ ನೋಡಿದರು. ಆಮೇಲೆ ರಸ್ತೆಯ ನಡುವೆ ಹೋಗಿ ಸೀಟಿ ಊದಿದರು. ಟ್ರ್ಯಾಕ್ಟರಿನವನು ಮೊದಲು ನಕ್ಕ, ಆಮೇಲೆ ಯಾರಿಗೋ ಫೋನು ಹಚ್ಚಿದ, ಫೋನನ್ನು ಮೇಡಮ್ಮಿನ ಕಡೆ ಚಾಚಿದ. ಅವರು ಅದನ್ನು ಮುಟ್ಟಲೇ ಇಲ್ಲ, ಚೀಟಿ ಬರೆದು ಕೈಗಿಟ್ಟರು. ಅಷ್ಟೂ ಹೊತ್ತು ಕೈಕಟ್ಟಿ ನೋಡುತ್ತಿದ್ದ ಪಂಪಾಪತಿಯ ಮುಖದ ಗಂಟು ಸಡಿಲಾಯಿತು. ಟ್ರ್ಯಾಕ್ಟರಿಗೂ ಬಿತ್ತಲ್ಲ ಎಂಬ ಒಂದೇ ಸಮಾಧಾನಕ್ಕೆ ಅವನು ತನ್ನ ದಂಡವನ್ನು ತಕರಾರಿಲ್ಲದೆ ಕಟ್ಟಿದ.

ಶೇಖರಮ್ಮ ಗಾಡಿಯ ಪಕ್ಕ ತಲೆತಗ್ಗಿಸಿ ನಿಂತಿದ್ದಳು. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸಿತ್ತು. ಮೇಡಮ್ಮು ಅವಳ ಹೆಸರು ಕೇಳಿ ಬರೆದುಕೊಳ್ಳುವಾಗ ಧೈರ್ಯ ಮಾಡಿ ಹೇಳಿದಳು: "ಇಷ್ಟು ದಿನ ನಮ್ಮನ್ನ ಯಾರೂ ಹಿಡೀತಿದ್ದಿಲ್ರಿ ಮೇಡಮ್. ಹೆಣ್ಮಕ್ಕಳು ಅಂತ ಮರ್ಯಾದಿ ಕೊಟ್ಟು ಬಿಡ್ತಿದ್ರು."

"ಅದು ಮರ್ಯಾದಿ ಅಲ್ರಿ ಅಮ್ಮ," ಎಂದರು ರಾಜಶ್ರೀ. ಈ ಸಲ ದನಿ ಮೆತ್ತಗಿತ್ತು. "ಬಿದ್ರ ಗಂಡಸ್ರದಷ್ಟ ತಲಿ ಒಡೀತೈತೇನು? ಹೆಲ್ಮೆಟ್ ಇಲ್ಲದ ನಿಮ್ಮನ್ನ ಬಿಟ್ಟಾರ ಅಂದ್ರ, ನಿಮ್ಮ ತಲಿ ಒಡದ್ರೂ ನಡೀತೈತಿ ಅಂದಂಗ ಆತು. ಚೊಲೋ ಓಡಸ್ತೀರಿ, ನೀವು ಗಿಡ ಬಿಟ್ಟಾಗಿಂದ ನೋಡಾಕತ್ತಿದ್ದೆ. ಲೈಸನ್ಸ್ ಮಾಡಿಸ್ರಿ."

ಚೀಟಿಯಲ್ಲಿ ಗಾಡಿ ಓಡಿಸಿದವರ ಜಾಗದಲ್ಲಿ ಅವಳ ಹೆಸರಿತ್ತು. ಊರವರ ಹೆಸರೆಲ್ಲ ಪಾತ್ರೆಯ ಮೇಲೆ ಬರೆದವಳಿಗೆ ತನ್ನ ಹೆಸರನ್ನು ಬೇರೆಯವರು ಬರೆದದ್ದು ಓದುವುದು ಅಪರೂಪವಾಗಿತ್ತು. ನಾಚಿಕೆಯ ಜತೆಗೆ ಇನ್ನೂ ಏನೋ ಆಯಿತು ಅವಳಿಗೆ. ಬೈಸಿಕೊಂಡಂತೆಯೂ ಇತ್ತು, ಹೊಗಳಿಸಿಕೊಂಡಂತೆಯೂ ಇತ್ತು. ಚೀಟಿಯನ್ನು ಎರಡು ಸಲ ಓದಿ ಚೀಲಕ್ಕೆ ಹಾಕಿಕೊಂಡಳು.

ಲೈಸನ್ಸು ಇದ್ದವರು ಬಂದು ಗಾಡಿ ಒಯ್ಯಬೇಕು, ಮತ್ತೆ ಇಬ್ಬರಲ್ಲಿ ಯಾರೇ ಸಿಕ್ಕರೂ ಕೋರ್ಟಿಗೆ ಎಂದು ತಾಕೀತಾಯಿತು. ಅಂಗಡಿಯ ಪಕ್ಕದ ಬಳೆ ಅಂಗಡಿ ಮಾಸುಂಬಿಯದು. ಸ್ವಂತ ಸ್ಕೂಟರ್, ಲೈಸನ್ಸು, ಹೆಲ್ಮೆಟ್ಟು ಎಲ್ಲ ಇದ್ದ ಹೆಂಗಸು. ಅವಳೇ ಬಂದು ಗಾಡಿಯನ್ನು ಸಂತೆಕಲ್ಲೂರಿಗೆ ಮುಟ್ಟಿಸಿದಳು. ಗಾಡಿ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿತು. ಆವತ್ತಿನಿಂದ ಬೇವಿನ ಗಿಡದ ಕೆಳಗೆ ಯಾರೂ ಇಳಿಯಲಿಲ್ಲ. ಶರಣಬಸವನನ್ನೇ ಮೇಡಮ್ಮು ಅಲ್ಲಿ ನಿಲ್ಲಿಸಿದ್ದರು.

ಇನ್ನು ಆಟೋ. ಅದು ತುಂಬದೆ ಹೊರಡುವ ಗಾಡಿಯಲ್ಲ. ಒಳಗೆ ಕೂತವರ ಮೊಣಕಾಲಿಗೆ ಮೊಣಕಾಲು ತಾಗಿದರೂ ಡ್ರೈವರು, "ಇನ್ನೊಬ್ಬರು ಬರ್ಲಿ ತಡೀರಿ," ಎನ್ನುತ್ತ ಬೀಡಿ ಹಚ್ಚುತ್ತಿದ್ದ. ಮಧ್ಯಾಹ್ನ ಊರ ಕಡೆ ಹೋಗುವವರೇ ಕಡಿಮೆ. ಶೇಖರಮ್ಮ ಬಿಸಿಲಲ್ಲಿ ಕೂತು, ಆ ಇನ್ನೊಬ್ಬರು ಯಾವ ಸಂದಿಯಿಂದ ಬಂದಾರು ಎಂದು ಕಣ್ಣು ನೆಟ್ಟು ನೋಡುತ್ತಿದ್ದಳು. ಮನೆ ಮುಟ್ಟುವಷ್ಟರಲ್ಲಿ ಹಂಡೆಯ ನೀರು ಆರಿ, ಕೂಸು ಅತ್ತು ಅತ್ತು ಮಲಗಿಬಿಟ್ಟಿರುತ್ತಿತ್ತು. ಹೊಲಿಗೆ ಇನ್ನೂ ಮಾಯದ ಅಮೂಲ್ಯಾ ಬಾಗಿಲಲ್ಲಿ ನಿಂತು, "ಎವ್ವಾ, ಎಷ್ಟೊತ್ತು? ನನಗ ಒಬ್ಬಾಕಿಗೆ ಎರೆಯಾಕ ಅಂಜಿಕಿ ಬರ್ತೈತಿ," ಎನ್ನುತ್ತಿದ್ದಳು. ಮಲಗಿದ ಕೂಸನ್ನು ಎಬ್ಬಿಸಿ ನೀರೆರೆದು, ಮತ್ತೆ ಆಟೋ ಹಿಡಿದು ಅಂಗಡಿಗೆ ಬಂದರೆ, ಮೂಲೆಯಲ್ಲಿ ಹೆಸರು ಕಾಣದ ಪಾತ್ರೆಗಳು ಎದೆಯೆತ್ತರ ಬೆಳೆದಿರುತ್ತಿದ್ದವು. ಕಾದು ಬೇಸತ್ತ ಗಿರಾಕಿಗಳು ಪಂಪಾಪತಿಯ ಮೇಲೆ ರೇಗುತ್ತಿದ್ದರು.

ಒಂದು ಸಂಜೆ ಪಂಪಾಪತಿ, ಬಹಳ ಉಪಕಾರ ಮಾಡುವವನಂತೆ, ಮಾತು ತೆಗೆದ.

"ನೋಡು, ನೀ ಹೈರಾಣ ಆಗಾಕತ್ತಿ. ನಾಳಿಂದ ಮನ್ಯಾಗ ಇದ್ದುಬಿಡು. ಹೆಸರು ಹಾಕಾಕ ಸಿಂಧನೂರಾಗ ಒಬ್ಬ ಅದಾನಂತ, ಅವನ್ನ ಹಚ್ಕೋತೀನಿ."

"ಎಷ್ಟು ದಿನಕ್ಕ ರೀ?"

"ಎಷ್ಟು ದಿನ ಅಂದ್ರ? ಒಮ್ಮೆ ಹಚ್ಚಿದ ಮ್ಯಾಲ ಬಿಡು ಅಂತ ಹೆಂಗ ಹೇಳೂದು?"

ಆ ಮೂಲೆ, ಆ ಮಣೆ ಅವಳದು. ಮನೆಯಲ್ಲಿ ಸೊಸೆಯಾಗಿ, ತಾಯಿಯಾಗಿ, ಈಗ ಅಜ್ಜಿಯಾಗಿ ಇದ್ದದ್ದು ಬೇರೆ, ಅಲ್ಲಿ ಅವಳು ಶೇಖರಮ್ಮ ಆಗಿದ್ದಳು. ಕೂಸನ್ನು ಬಿಡಲಾರಳು, ಮಣೆಯನ್ನೂ ಬಿಡಲಾರಳು. ಎರಡಕ್ಕೂ ಅಡ್ಡ ನಿಂತದ್ದು ಒಂದು ರಸ್ತೆ ಮಾತ್ರ, ಆ ರಸ್ತೆಗೆ ಬೇಕಾದ ಗಾಡಿ ಅಂಗಳದಲ್ಲೇ ನಿಂತಿತ್ತು. ಅವಳು ಗಂಡನಿಗೆ ಎದುರಾಡಿದವಳಲ್ಲ. ಆವತ್ತು ಆಡಿದಳು.

"ಯಾರನ್ನೂ ಹಚ್ಚಬ್ಯಾಡ್ರಿ. ನಾ ಲೈಸನ್ಸ್ ಮಾಡಸ್ತೀನಿ."

"ನೀನಾ? ನಾ ಮಾಡಸ್ತೀನಿ ಬಿಡು. ಮನಿಗೆ ಒಂದಿದ್ರ ಸಾಕು. ನಾನ ನಿನ್ನ ಬಿಟ್ಟು ಬರ್ತೀನಿ."

"ನೀವು ಅಂಗಡಿ ಮುಚ್ಚಿ ಅಡ್ಡಾಡಿದ್ರ ಹಂಗಾಮು ಹೋಗ್ತೈತಿ. ಮೇಡಮ್ಮರು ಇಬ್ಬರಿಗೂ ದಂಡ ಹಾಕ್ಯಾರ. ಇಬ್ಬರೂ ಮಾಡಸೂಣು."

ದಂಡದ ಲೆಕ್ಕದಲ್ಲಿ ಸರಿಸಮ ಎಂದ ಮೇಲೆ ಪಂಪಾಪತಿ ತಲೆಯಾಡಿಸಿದ. ಮಾಸುಂಬಿಗೆ ಗುರುತಿದ್ದ ಕಂಪ್ಯೂಟರ್ ಅಂಗಡಿಯವರಿಂದ ಇಬ್ಬರ ಅರ್ಜಿಯೂ ಹೋಯಿತು, ಕಲಿಯುವವರ ಲೈಸನ್ಸೂ ಬಂತು. ಒಂದು ತಿಂಗಳು ಕಳೆದು, ಸಿಂಧನೂರಿನಲ್ಲಿ ಆರ್‌ಟಿಒ ಕ್ಯಾಂಪು ನಡೆಯುವ ದಿನ ಪರೀಕ್ಷೆ ಎಂದಾಯಿತು. ಅಲ್ಲಿಯವರೆಗೆ ಮಣೆಯ ಮೇಲೆ ಯಾರನ್ನೂ ಕೂರಿಸುವುದಿಲ್ಲ ಎಂದು ಪಂಪಾಪತಿ ಒಪ್ಪಿದ. ಅವಳು ಪಾಸಾಗದಿದ್ದರೆ ಮಾತ್ರ ಸಿಂಧನೂರಿನವನು ಮರುದಿನವೇ ಬರುವನೆಂದೂ ಹೇಳಿಟ್ಟ.

ಆ ದಿನ ಪಂಪಾಪತಿಯ ಗಾಡಿಯನ್ನು ಮಾಸುಂಬಿ ಓಡಿಸಿದಳು, ಶೇಖರಮ್ಮ ಹಿಂದೆ ಕೂತಳು. ಪಂಪಾಪತಿ ಬಸ್ಸಿನಲ್ಲಿ ಬಂದ. ಊರಾಚೆಯ ಬಯಲಿನಲ್ಲಿ ಸುಣ್ಣದ ಪುಡಿಯಿಂದ ದೊಡ್ಡದಾಗಿ ಇಂಗ್ಲಿಷಿನ ಎಂಟರ ಆಕಾರ ಎಳೆದಿದ್ದರು. ಅದರ ಮೇಲೆ ಗಾಡಿ ಹಾಯಿಸಬೇಕು, ಗೆರೆ ಬಿಡಬಾರದು, ಕಾಲು ನೆಲಕ್ಕೆ ತಾಗಬಾರದು. ಬಿಳಿ ಛತ್ರಿ ಹಿಡಿದ ಇನ್‌ಸ್ಪೆಕ್ಟರು ನೆರಳಲ್ಲಿ ನಿಂತು ಹೆಸರು ಕರೆಯುತ್ತಿದ್ದರು. ಸಾಲಿನಲ್ಲಿ ಮೀಸೆ ಬಂದವರು, ಮೀಸೆ ಬರುವವರು, ನಡುನಡುವೆ ಒಬ್ಬೊಬ್ಬ ಹೆಣ್ಣುಮಗಳು. ಶೇಖರಮ್ಮನ ವಯಸ್ಸಿನವರು ಇನ್ನಾರೂ ಕಾಣಲಿಲ್ಲ.

"ಇಷ್ಟ ಏನು?" ಎಂದ ಪಂಪಾಪತಿ ಎಂಟನ್ನು ನೋಡಿ. "ಇದನ್ನ ಕಣ್ಣು ಮುಚ್ಚಿ ಹೊಡೀತೀನಿ."

ಅವನ ಹೆಸರು ಮೊದಲು ಬಂತು. ಹೆದ್ದಾರಿಯಲ್ಲಿ ಬಸ್ಸಿನ ಜತೆ ಓಟ ಕಟ್ಟಿದವನು ಅವನು. ಎಕ್ಸಲೇಟರ್ ತಿರುಗಿಸಿ ಗಾಡಿಯನ್ನು ಜೋರಿನಿಂದಲೇ ಗೆರೆಗೆ ಬಿಟ್ಟ. ಮೊದಲ ಸುತ್ತು ಅರ್ಧಕ್ಕೆ ಬರುತ್ತಲೇ ಗೆರೆ ಒಂದು ಕಡೆ, ಗಾಡಿ ಇನ್ನೊಂದು ಕಡೆ. ಬಲಗಾಲು ದಪ್ಪನೆ ನೆಲಕ್ಕೆ ಬಿತ್ತು. ಇನ್‌ಸ್ಪೆಕ್ಟರು ಇನ್ನೊಂದು ಅವಕಾಶ ಕೊಟ್ಟರು. ಈ ಸಲ ಹಗೂರಕ್ಕೆ ಹೋಗಲು ನೋಡಿದ. ಹಗೂರ ಹೋಗಿ ರೂಢಿಯೇ ಇಲ್ಲದವನು, ಗಾಡಿ ತೂರಾಡಿತು, ಎರಡೂ ಕಾಲು ಇಟ್ಟ.

"ಮುಂದಿನ ಸಲ ಬರ್ರಿ ಯಜಮಾನ್ರ," ಎಂದರು ಇನ್‌ಸ್ಪೆಕ್ಟರು.

ಪಂಪಾಪತಿ ಗಾಡಿ ತಳ್ಳಿಕೊಂಡು ಬಂದ. ಮುಖ ಬೆವೆತು ಸಪ್ಪಗಾಗಿತ್ತು. ಶೇಖರಮ್ಮ ಅದನ್ನು ನೋಡಿದಳು. ಅಷ್ಟು ವರ್ಷ ಓಡಿಸಿದವನಿಗೆ ಆಗದ್ದು ತನಗೆ ಹೇಗೆ ಆದೀತು? ನಾಳೆ ಮಣೆಯ ಮೇಲೆ ಇನ್ಯಾರೋ ಕೂರುತ್ತಾರೆ. ಅವಳ ಹೆಸರು ಕರೆದರು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಹ್ಯಾಂಡಲ್ಲು ಅವಳ ಕೈಗೆ ಕೊಡುವಾಗ ಪಂಪಾಪತಿಯ ಬಾಯಿಂದ, ರೂಢಿಯ ಬಲದಿಂದಲೋ ಏನೋ, ಮಾತು ತಾನಾಗಿ ಹೊರಬಿತ್ತು.

"ಹಗೂರಕ ನಡಿ. ಕಾಲು ಕೆಳಗ ಇಡಬ್ಯಾಡ."

ಅಷ್ಟು ಸಾಕಾಯಿತು. ಸುಣ್ಣದ ಗೆರೆ ಅವಳಿಗೆ ಮಸ್ಕಿಯ ಸರ್ಕಲ್ಲಾಯಿತು. ಇಲ್ಲಿ ದನವಿಲ್ಲ, ಆಟೋ ಇಲ್ಲ, ಬಸ್ಸಿಲ್ಲ. ಇದಕ್ಕಿಂತ ಸಲೀಸಾದ ಸರ್ಕಲ್ಲನ್ನು ಅವಳು ಕಂಡೇ ಇರಲಿಲ್ಲ. ಗಾಡಿಯನ್ನು ಹೆಜ್ಜೆ ಹೆಜ್ಜೆಗೆ ನಡೆಸಿಕೊಂಡು ಒಂದು ಸುತ್ತು ತಿರುಗಿ, ನಡುವೆ ಗೆರೆ ಕತ್ತರಿಸುವಲ್ಲಿ ಒಂದಿಷ್ಟೂ ಅಲುಗದೆ ದಾಟಿ, ಇನ್ನೊಂದು ಸುತ್ತು ಮುಗಿಸಿ, ಇನ್‌ಸ್ಪೆಕ್ಟರ ಛತ್ರಿಯ ಮುಂದೆ ತಂದು ನಿಲ್ಲಿಸಿದಳು. ನಿಲ್ಲಿಸಿದ ಮೇಲೆಯೇ ಕಾಲು ಇಟ್ಟದ್ದು. ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮಾಸುಂಬಿ, "ವ್ಹಾ ಅಕ್ಕಾ," ಎಂದಳು.

"ಎಷ್ಟು ವರ್ಷದಿಂದ ಓಡಸ್ತೀರಿ ಅಮ್ಮಾರ?" ಎಂದು ಇನ್‌ಸ್ಪೆಕ್ಟರು ಕೇಳಿದರು.

"ಬಾಳ ವರ್ಷ ಆತ್ರಿ," ಎಂದಳು ಶೇಖರಮ್ಮ. "ಆದ್ರ ಬೇವಿನ ಗಿಡದಿಂದ ಸರ್ಕಲ್ಲಿನ ತನಕ ಅಷ್ಟ."

ಅವರಿಗೆ ಅರ್ಥವಾಗಲಿಲ್ಲ. ಪಾಸು ಎಂದು ಬರೆದರು.

ಪಂಪಾಪತಿ ಎರಡು ದಿನ ಮಾತಾಡಲಿಕ್ಕಿಲ್ಲ ಎಂದು ಅವಳು ಅಂದುಕೊಂಡಿದ್ದಳು. ಅವನು ಚಹಾದಂಗಡಿಗೆ ಕರೆದೊಯ್ದು ಮೂವರಿಗೂ ಚಹಾ, ಮಿರ್ಚಿ ಹೇಳಿದ. ಆಮೇಲೆ ಮಾಸುಂಬಿಯ ಕಡೆ ತಿರುಗಿ, "ಇಕಿಗೆ ಕಲಿಸಿದವ ಯಾರು ಹೇಳ್ರಿ? ನಾನ ಅಲ್ಲೇನು? ದಿನಾ ಹೇಳಿ ಹೇಳಿ ಕಲಿಸೀನಿ," ಎಂದ. ಮಾಸುಂಬಿ ಹೌದೆಂದಳು. ಶೇಖರಮ್ಮನೂ ಹೌದೆಂದಳು. ಗೆದ್ದವಳಿಗೆ ಅಷ್ಟು ಬಿಟ್ಟುಕೊಡುವುದು ಕಷ್ಟವಾಗಲಿಲ್ಲ.

ಲೈಸನ್ಸು ಅಂಚೆಯಲ್ಲಿ ಬಂದ ಮರುದಿನ ಮಸ್ಕಿಯಲ್ಲಿ ಎರಡು ಹೆಲ್ಮೆಟ್ಟು ಕೊಂಡರು. ತುರುಬಿನ ಮೇಲೆ ಹೆಲ್ಮೆಟ್ಟು ಕೂರಲೊಲ್ಲದು, ಶೇಖರಮ್ಮ ತುರುಬು ಬಿಚ್ಚಿ ಜಡೆ ಹಾಕಿಕೊಂಡಳು. ಸಂತೆಕಲ್ಲೂರಿನಿಂದ ಪಂಪಾಪತಿ ಹಿಂದೆ ಕೂತು ಬಂದ. ಮೊದಲ ದಿನ ಪರಿಚಯದವರು ಎದುರಾದಾಗ ಆಕಾಶ ನೋಡುತ್ತಿದ್ದ. ಹೆಲ್ಮೆಟ್ಟಿನೊಳಗಿದ್ದರೆ ಯಾರಿಗೂ ಗುರುತು ಸಿಗುವುದಿಲ್ಲ ಎಂಬುದು ತಿಳಿದ ಮೇಲೆ ಆರಾಮಾದ. ತನ್ನ ಪರೀಕ್ಷೆಗೆ ಮತ್ತೆ ಅರ್ಜಿ ಹಾಕಿದ್ದ, ಸಂಜೆ ಮನೆಯ ಹಿಂದಿನ ಕಣದಲ್ಲಿ ಬೂದಿಯ ಗೆರೆ ಎಳೆದು, ಹೆಂಡತಿಯಿಂದ ಹಗೂರ ಹೋಗುವುದನ್ನು ಕಲಿಯುತ್ತಿದ್ದ.

ಆ ಮೊದಲ ದಿನ ಮಧ್ಯಾಹ್ನ ಶೇಖರಮ್ಮ ಸೂಜಿ ಕೆಳಗಿಟ್ಟು ಎದ್ದಳು. ಪಂಪಾಪತಿ ಗಿರಾಕಿಗೆ ಕೊಡ ತೋರಿಸುತ್ತಿದ್ದ, ಕೀಲಿಕೈಯನ್ನು ಅವಳತ್ತ ಚಾಚಿ, "ಹೋಗಿ ಬಾ," ಎಂದಷ್ಟೇ ಅಂದ. ಹಿಂದೆ ಯಾರೂ ಇಲ್ಲದ ಗಾಡಿ ಹಗುರಾಗಿತ್ತು. ಸರ್ಕಲ್ಲಿನಲ್ಲಿ ತಪಾಸಣೆ ನಡೆದಿತ್ತು. ಒಂದು ಕಡೆ ರಾಜಶ್ರೀ ಮೇಡಮ್ಮು ಯಾವುದೋ ಕಾರಿನವನ ಜತೆ ವಾದದಲ್ಲಿದ್ದರು, ಇನ್ನೊಂದು ಕಡೆ ಶರಣಬಸವ ಬೈಕುಗಳನ್ನು ಸಾಲಾಗಿ ನಿಲ್ಲಿಸಿ ಕಾಗದ ನೋಡುತ್ತಿದ್ದ. ಶೇಖರಮ್ಮ ಹತ್ತಿರ ಬಂದಾಗ ಅವನು ಹಳೆಯ ರೂಢಿಯಂತೆ, "ನೀವು ಹೋಗ್ರಿ ಅಮ್ಮಾರ," ಎಂದು ಕೈ ಬೀಸಿದ.

ಅವಳು ಹೋಗಲಿಲ್ಲ. ಬೈಕುಗಳ ಸಾಲಿನ ಕೊನೆಗೆ ಗಾಡಿ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಚೀಲದಿಂದ ಲೈಸನ್ಸು ತೆಗೆದು ಹಿಡಿದಳು.

"ನೋಡ್ರಿ."

"ಅಯ್ಯ, ನಿಮ್ಮದೇನು ನೋಡೂದು ಬಿಡ್ರಿ. ಹೋಗ್ರಿ."

"ಎಲ್ಲಾರದೂ ನೋಡಾಕತ್ತೀರಲ್ಲ, ನಂದೂ ನೋಡ್ರಿ."

ಮುಂದೆ ನಿಂತ ಹುಡುಗರು ತಿರುಗಿ ನೋಡಿದರು. ಶರಣಬಸವ ಲೈಸನ್ಸು ಈಸಿಕೊಂಡು, ಫೋಟೋ ನೋಡಿ, ಅವಳ ಮುಖ ನೋಡಿ, ಹಿಂದಿರುಗಿಸಿದ. ಇನ್ಶೂರೆನ್ಸೂ ಕೇಳಿದ. ಅದನ್ನೂ ತೋರಿಸಿದಳು. "ಬರೋಬ್ಬರಿ ಐತ್ರಿ," ಎಂದು ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಶೇಖರಮ್ಮನಿಗೆ ಕಣ್ಣು ತುಂಬಿ ಬಂತು, ಹೆಲ್ಮೆಟ್ಟಿನ ಗಾಜು ಎಳೆದುಕೊಂಡಳು. ಬೇವಿನ ಗಿಡ ಯಾವಾಗ ದಾಟಿತೋ ಅವಳ ಲಕ್ಷ್ಯದಲ್ಲಿರಲಿಲ್ಲ.

ಸಂತೆಕಲ್ಲೂರಿನ ಮನೆಯಲ್ಲಿ ಅಮೂಲ್ಯಾ ಆಗಷ್ಟೇ ಹಂಡೆಯ ಕೆಳಗೆ ಉರಿ ಹಾಕಿದ್ದಳು. ನೀರು ಇನ್ನೂ ಬೆಚ್ಚಗೂ ಆಗಿರಲಿಲ್ಲ. ಕೂಸು ತೊಟ್ಟಿಲಲ್ಲಿ ಕಣ್ಣು ಬಿಟ್ಟುಕೊಂಡು ತನ್ನಷ್ಟಕ್ಕೆ ಕೈ ಆಡಿಸುತ್ತಿತ್ತು. ತಾಯಿ ಒಳಗೆ ಬಂದದ್ದು ನೋಡಿ ಅಮೂಲ್ಯಾ ಬೆರಗಾದಳು.

"ಎವ್ವಾ, ಇಷ್ಟು ಲಗೂನ ಹೆಂಗ ಬಂದಿ? ಅಪ್ಪ ಅಂಗಡಿ ಬಿಟ್ಟು ಬರಾಂಗಿಲ್ಲ, ಇವತ್ತು ಆಟೋ ಜಲ್ದಿ ತುಂಬಿತೇನು?"

"ಆಟೋ ಎಲ್ಲಿದು," ಎಂದು ಶೇಖರಮ್ಮ ಸೀರೆಯ ನಿರಿಗೆ ಮೇಲೆತ್ತಿ ಕಟ್ಟಿ, ಬಚ್ಚಲ ಮಣೆಯ ಮೇಲೆ ಕಾಲು ಚಾಚಿ ಕೂತಳು. "ನಾನ ಬಂದೆ. ಕೂಸಿನ್ನ ಕೊಡು."